ಒಂದು ತಟ್ಟಿದರೆ ನಿಲ್ಲಬೇಕು

ಇದು ನಮ್ಮ ದೊಡ್ಡಮ್ಮನ ಮಗ ರಾಜೇಂದ್ರನಿಗೆ ಆದದ್ದು. ಹತ್ತಿರ ಬನ್ನಿ... ನಡುವೆ ನಗಬೇಡಿ, ಅಷ್ಟೇ.

ಎರಡು ಸಾವಿರದ ಒಂದನೇ ಇಸವಿ. ಮಸ್ಕತ್ತಿನಿಂದ ರಜೆಗೆ ಬಂದ ರಾಜೇಂದ್ರ ನರಸೀಪುರದ ಕೊನೇ ಬಸ್ಸು ಇಳಿದು, ತಲೆ ಮೇಲೆ ಸೂಟ್‌ಕೇಸು ಹೊತ್ತು, ತನ್ನೂರು ಹೆಮ್ಮಿಗೆಯ ಕಡೆಗೆ ಒಬ್ಬನೇ ನಡೆಯುತ್ತಿದ್ದ. ಗದ್ದೆಯಲ್ಲಿ ಕಪ್ಪೆಗಳು ವಟವಟ ಅನ್ನುತ್ತಿದ್ದವು. ಹಳೇ ಬಾವಿ ಹತ್ತಿರವಾಗುತ್ತಲೇ ಅವೂ ಸುಮ್ಮನಾದವು. ರಾಜೇಂದ್ರ ಬೇಗ ಬೇಗ ಕಾಲು ಹಾಕಿದ. ಆ ಬಾವಿ ಕಡೆ ಅವನು ಎರಡು ವರ್ಷದಿಂದ ಕಣ್ಣೆತ್ತಿ ನೋಡಿರಲಿಲ್ಲ.

ಯಾಕೆ ಅಂದರೆ, ಮೊದಲು ಅವನು ಭತ್ತದ ಲಾರಿ ಓಡಿಸುತ್ತಿದ್ದ. ಕ್ಲೀನರ್ ಸಣ್ಣಯ್ಯ ಅವನಿಗಿಂತ ಹದಿನೈದು ವರ್ಷ ದೊಡ್ಡವನು. ಲಾರಿ ರಿವರ್ಸ್ ಬರುವಾಗ ಕ್ಲೀನರ್ ಹಿಂದೆ ನಿಂತು ಬಾಡಿ ತಟ್ಟುತ್ತಾನಲ್ಲ... ಡಬ್‌ಡಬ್ ಅಂತ ಎರಡು ಸಲ ತಟ್ಟಿದರೆ ಬಾ ಅಂತ. ಡಬ್, ಒಂದೇ ಸಲ ತಟ್ಟಿದರೆ ನಿಲ್ಲು ಅಂತ. ಸಣ್ಣಯ್ಯ ಜೀವಮಾನದಲ್ಲಿ ಚಪ್ಪಲಿ ಮೆಟ್ಟಿದವನಲ್ಲ. "ಬರಿಗಾಲಲ್ಲಿ ನಿಂತ್ರೆ ಚಕ್ರ ಎಲ್ಲೈತೆ ಅಂತ ನೆಲವೇ ಯೋಳ್ತದೆ ಕಣ್ಲಾ" ಅನ್ನುತ್ತಿದ್ದ.

ಒಂದು ಸಂಜೆ ಲಾರಿಗೂ ಆ ಬಾವಿಕಟ್ಟೆಗೂ ನಡುವೆ ಸಿಕ್ಕಿ ಸತ್ತ. "ಅವನೇ ಎರಡು ಸಲ ತಟ್ಟಿದ" ಅಂತ ರಾಜೇಂದ್ರ ಎಲ್ಲರೆದುರು ಹೇಳಿದ. ಮಸ್ಕತ್ತಿನ ವೀಸಾ ಕೈಗೆ ಬಂದಿತ್ತು, ಲೈಸೆನ್ಸ್ ಹೋದರೆ ಅದೂ ಹೋಗುತ್ತಿತ್ತು. ಸಣ್ಣಯ್ಯ ಕುಡಿದಿದ್ದ ಅಂತ ಊರು ಮಾತಾಡಿಕೊಂಡಿತು. ಒಂದು ಹನಿ ಮುಟ್ಟದ ಮನುಷ್ಯ! ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತೆ.

ಮಸ್ಕತ್ತಿಗೆ ಹೋದರೆ ಆ ಲೈಸೆನ್ಸಿಗೆ ಮೂರು ಕಾಸಿನ ಬೆಲೆಯಿಲ್ಲ. ಸ್ಟೀರಿಂಗ್ ಎಡಕ್ಕೆ, ಓಡಿಸುವುದು ಬಲಕ್ಕೆ, ಎಲ್ಲಾ ಹೊಸದಾಗಿ ಕಲಿತು ಪಾಸಾಗಬೇಕು. ಮೊದಲು ಡ್ರಮ್ ಟೆಸ್ಟು. ಸಾಲಾಗಿಟ್ಟ ಡ್ರಮ್ಮುಗಳ ನಡುವೆ ಕಾರನ್ನು ರಿವರ್ಸ್‌ನಲ್ಲಿ ತಂದು ನಿಲ್ಲಿಸಬೇಕು. ಲಾರಿ ಓಡಿಸಿದವನಿಗೆ ಅದೇನು ಮಹಾ? ಗೇರ್ ಹಾಕಿದ... ಹಿಂದಿನಿಂದ ಡಬ್. ಒಂದೇ ಸಲ. ಕಾಲು ತಾನಾಗಿ ಬ್ರೇಕ್ ಒತ್ತಿತು, ಇಂಜಿನ್ ಆಫಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಎರಡನೇ ಟೆಸ್ಟಿನಲ್ಲೂ ಡಬ್. ಮೂರನೆಯದರಲ್ಲೂ.

"ಊರಿಗೆ ಹೋಗಿ ತಲೆ ಸರಿಮಾಡಿಕೊಂಡು ಬಾ. ಇನ್ನೊಂದು ಸಲ ಫೇಲಾದರೆ ವೀಸಾ ಕ್ಯಾನ್ಸಲ್" ಅಂದ ಅಲ್ಲಿನ ಧಣಿ.

ಹಾಗೆ ಬಂದವನು ಈಗ ಬಾವಿ ದಾಟುತ್ತಿದ್ದಾನೆ. ತಲೆ ಮೇಲಿನ ಸೂಟ್‌ಕೇಸಿಗೆ...

ಡಬ್.

ನಿಂತ. ಮನೆ ಕಡೆ ಒಂದು ಹೆಜ್ಜೆ ಇಟ್ಟ. ಡಬ್. ಇನ್ನೊಂದು ಹೆಜ್ಜೆ. ಡಬ್... ಎಡಕ್ಕೆ ಸಣ್ಣಯ್ಯನ ಮನೆಯ ಓಣಿ. ಆ ಕಡೆ ತಿರುಗಿದ.

ಡಬ್‌ಡಬ್.

ಹೋಗಿ ಕದ ಬಡಿದ. ಸಣ್ಣಯ್ಯನ ಹೆಂಡತಿ ಜವರಮ್ಮ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಪಿಸುಗುಟ್ಟಿದಳು.

"ಯಾರ್ಲಾ ಅದು?"

"ನಾನು ಕಣಕ್ಕ, ರಾಜೇಂದ್ರ."

"ಈ ಒತ್ತಲ್ಲಿ ಯಾಕ್ ಬಂದೆ?"

"ಅಣ್ಣ ಅವತ್ತು ಒಂದೇ ಸಲ ತಟ್ಟಿದ್ದ ಕಣಕ್ಕ. ನಂಗೆ ಕೇಳುಸ್ತು. ಇನ್ನೊಂದಡಿ ಜಾಗ ಐತೆ ಅನ್ಕಂಡು... ಲಾರಿ ಹಿಂದಕ್ಕೇ ಬಿಟ್ಬುಟ್ಟೆ."

ಆಮೇಲೆ ಚಿಲಕ ತೆಗೆದ ಸದ್ದು... ಕಿರ್ರ್.

"ಬೆಳಿಗ್ಗೆ ಇದ್ನೇ ಊರ್ ಮುಂದೆ ಯೋಳ್ತೀಯ?"

"ಯೋಳ್ತೀನಿ."

ಹೇಳಿದ. ಟೀ ಅಂಗಡಿ ಮುಂದೆ, ಎಲ್ಲರೂ ಇದ್ದಾಗ, ನಿಂತುಕೊಂಡೇ ಹೇಳಿದ. ಒಬ್ಬ ಥೂ ಅಂದ. ಸ್ವಂತ ಮಾವ ಮುಖ ತಿರುಗಿಸಿ ಹೋದವನು ಇವತ್ತಿಗೂ ಅವನ ಜೊತೆ ಮಾತಾಡಿಲ್ಲ. ಜವರಮ್ಮ ಅಲ್ಲೇ ಕಂಬಕ್ಕೆ ಒರಗಿ, ಸೆರಗು ಕಚ್ಚಿಕೊಂಡು ಅತ್ತಳು. ಅವನೂ ಅತ್ತ.

ಮತ್ತೆ ಮಸ್ಕತ್ತು. ನಾಲ್ಕನೇ ಟೆಸ್ಟು, ಮಟಮಟ ಮಧ್ಯಾಹ್ನ. ಇನ್ಸ್‌ಪೆಕ್ಟರು ಡ್ರಮ್ಮಿನ ಪಕ್ಕ ನಿಂತಿದ್ದ. ರಾಜೇಂದ್ರ ರಿವರ್ಸ್ ಗೇರ್ ಹಾಕಿ ಕಣ್ಣು ಮುಚ್ಚಿದ.

ಡಬ್‌ಡಬ್.

ಕ್ಲಚ್ ಬಿಟ್ಟ. ಡಬ್‌ಡಬ್... ಡಬ್‌ಡಬ್... ಕಾರು ಮೆಲ್ಲಗೆ ಹಿಂದೆ ಸರಿಯಿತು. ಆಮೇಲೆ, ಡಬ್. ಒಂದೇ. ಇನ್ನೊಂದಡಿ ಜಾಗ ಇದೆ ಅಂತ ಮನಸ್ಸು ಹೇಳಿತು. ಅವನು ಬ್ರೇಕ್ ಒತ್ತಿದ.

ಇಳಿದು ನೋಡಿದರೆ ಡ್ರಮ್ಮಿಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಿಲ್ಲುವಷ್ಟು ಜಾಗ. ಇನ್ಸ್‌ಪೆಕ್ಟರು ಹರಕುಮುರುಕು ಹಿಂದಿಯಲ್ಲಿ ಪಾಸ್ ಅಂದ. ಕಾಗದಕ್ಕೆ ಸಹಿ ಹಾಕುತ್ತಾ, ತಲೆ ಎತ್ತದೆ, ಇನ್ನೊಂದು ಮಾತು ಹೇಳಿದ.

"ಹಿಂದೆ ನಿಂತು ಕಾರು ತಟ್ಟುತ್ತಿದ್ದನಲ್ಲ, ನಿಮ್ಮವನು... ಅವನಿಗೆ ಚಪ್ಪಲಿ ಕೊಡಿಸು. ನೆಲ ಸುಡ್ತಿದೆ."

ರಾಜೇಂದ್ರ ಅವತ್ತೇ ಒಂದು ಜೊತೆ ಕೊಂಡ. ಮುಂದಿನ ರಜೆಗೆ ಬಂದಾಗ ಜವರಮ್ಮನಿಗೆ ಕೊಟ್ಟ. ಅವಳು ಬಾಗಿಲ ಪಕ್ಕ ಇಟ್ಟಳು, ಯಾರಿಗೂ ಮುಟ್ಟಲು ಬಿಡಲಿಲ್ಲ.

ಸುಳ್ಳು ಅನ್ನಬೇಡಿ. ಮೊನ್ನೆ ಹೋದಾಗ ನಾನೇ ಕಣ್ಣಾರೆ ನೋಡಿ ಬಂದೆ. ಪಟ್ಟಿ ಇನ್ನೂ ಹೊಸದಾಗೇ ಇದೆ... ಅಡಿಯ ಅಟ್ಟೆ ಸವೆದುಹೋಗಿದೆ.