ಅಳತೆ ರವಿಕೆ

ಹಲೋ… ಹಲೋ, ಯಾರು ಮಾತಾಡೋದು?… ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಮಿಷನ್ ಸದ್ದು… ಯಾರು?…

ಓ, ರಾಧಾಮಣಿಯಕ್ಕಾನಾ! ಅಮೃತಹಳ್ಳಿ ದೊಡ್ಡಮನೆ ರಾಧಾಮಣಿಯಕ್ಕ! ಹೌದು, ಕಲಾವತಿನೇ ಮಾತಾಡ್ತಿರೋದು. ನಿಮ್ಮ ಗೋಪಾಲಮ್ಮನ ಮಗಳು ಕಲಾ… ಏನಂದ್ರಿ? ಕಲಾವತಿಯವರೇ ಅಂದ್ರಾ?… ಇಲ್ಲ ಇಲ್ಲ, ಕೇಳಿಸ್ತು. ಇನ್ನೊಂದು ಸಲ ಕೇಳೋಣ ಅನ್ನಿಸ್ತು, ಅಷ್ಟೆ…

ಅದೇನು, ಗಾಳಿ ಸದ್ದು ಬರ್ತಾ ಇದೆ? ಎಲ್ಲಿದ್ದೀರಿ?… ತಾರಸಿ ಮೇಲಾ? ಈ ಬಿಸಿಲಲ್ಲಾ?… ಹಾಂ, ಕೆಳಗೆ ಜನ ಇದ್ದಾರೆ. ಸರಿ ಸರಿ…

ಹೂಂ, ಇವತ್ತೇ ಬಿಡುಗಡೆ. ನಾಲ್ಕು ಗಂಟೆಗೆ, ನಮ್ಮ ವಾಟ್ಸಾಪ್ ಗುಂಪಲ್ಲಿ. ಆರು ಪ್ಯಾಟರ್ನ್ ಅಕ್ಕಾ ಈ ಸಲ, ಯುಗಾದಿಗೆ ಹೊಲಿಯೋರ ಕೈಗೆ ಸಿಗಲಿ ಅಂತ. ಮನೇಲಿ ಪ್ರಿಂಟ್ ತೆಗೆಸಿ, ಬಟ್ಟೆ ಮೇಲೆ ಇಟ್ಟು, ಗೆರೆ ಎಳೆದು ಕತ್ತರಿಸಿಕೊಂಡರೆ ಆಯ್ತು. ಬೋಟ್ ನೆಕ್ಕಿಂದು ಒಂದು, ಕಟೋರಿ ರವಿಕೆ ಒಂದು, ತುಂಬು ತೋಳಿನ ರವಿಕೆ, ಬಾಣಂತಿಯರ ನೈಟಿ, ಕಾಲೇಜು ಹುಡುಗೀರ ಕುರ್ತಾ, ಆರನೇದು… ಹಾಂ, ಆರನೇದರ ವಿಚಾರಕ್ಕೇನಾ ಫೋನ್ ಮಾಡಿದ್ದು?…

ನಿಮಗೆ ಹೇಗೆ ಗೊತ್ತಾಯ್ತು?… ಸುಬ್ಬಲಕ್ಷ್ಮಮ್ಮನವರು ಹೇಳಿದ್ರಾ! ಗಂಗಾನಗರದವರು. ಹೌದು, ಬಿಡುಗಡೆಗೆ ಮುಂಚೆ ಒಂದು ಪ್ರತಿ ಅವರಿಗೆ ಕಳಿಸ್ತೀನಿ, ಹೊಲಿದು ನೋಡಿ ತಪ್ಪಿದ್ರೆ ಹೇಳಲಿ ಅಂತ. ತಪ್ಪು ಸಿಕ್ಕಿದೆ, ನನಗೆ ಹೇಳದೆ ನಿಮಗೆ ಹೇಳಿದ್ದಾರೆ. ಇರಲಿ, ಒಳ್ಳೆಯವರು…

ನಿಧಾನ. ಅಳಬೇಡಿ, ನಿಧಾನವಾಗಿ ಹೇಳಿ. ಏನು ಬರೆದಿದೆ ಅದರಲ್ಲಿ?… ಮೂಲೆಯಲ್ಲಾ?… ತಾಳಿ, ಕನ್ನಡಕ ಹಾಕ್ಕೋತೀನಿ. ರೆಹಾನಾ, ಆ ಆರನೇದು ತೆಗಿ. ಕೆಳಗಡೆ ಮೂಲೆ. ಸ್ವಲ್ಪ ದೊಡ್ಡದು ಮಾಡು…

ಅಯ್ಯೋ. ಹೌದಲ್ಲ. ‘ಅಮೃತಹಳ್ಳಿ ದೊಡ್ಡಮನೆ ರಾಧಾಮಣಿ. ಎಡ ಇಲ್ಲ. ಹತ್ತಿ ಜೇಬು ಒಂದೂವರೆ ಬೆರಳು ಕೆಳಗೆ.’ ನನ್ನದೇ ಅಕ್ಷರ…

ಜೋರಾಗಿ ಓದಬಾರದಿತ್ತಾ? ಯಾರಿದ್ದಾರೆ ಇಲ್ಲಿ? ರೆಹಾನಾ, ನಾನು. ಹೊರಗಡೆ ಮೆಟ್ಟಿಲ ಮೇಲೆ ಅಮ್ಮ. ಆಮೇಲೆ ಒಬ್ಬರು ಸೀರೆಗೆ ಫಾಲ್ಸ್ ಹಾಕಿಸೋಕೆ ಬಂದಿದ್ದಾರೆ, ಅವರಿಗೆ ನೀವು ಯಾರು ಅಂತ ಏನು ಗೊತ್ತು? ಯಾವೂರಮ್ಮ ನಿಮ್ಮದು?… ಜಕ್ಕೂರಂತೆ ಅಕ್ಕಾ. ನಿಮ್ಮ ಪಕ್ಕದ್ದೇ ಆಯ್ತಲ್ಲ…

ಬೇಕು ಅಂತ ಯಾರು ಮಾಡ್ತಾರೆ ಇದನ್ನ? ಯಾರಿಗೆ ಕತ್ತರಿಸಿದ್ದು ಅಂತ ಬ್ರೌನ್ ಶೀಟಿನ ಮೂಲೆಯಲ್ಲಿ ಬರ್ಕೊಳ್ಳೋದು ನಮ್ಮ ಅಭ್ಯಾಸ. ಇಲ್ಲದಿದ್ರೆ ಒಬ್ಬರ ಕಟಿಂಗ್ ಇನ್ನೊಬ್ಬರ ಬಟ್ಟೆ ಮೇಲೆ ಕೂರುತ್ತೆ. ರೆಹಾನಾ ಆ ಶೀಟನ್ನ ಇದ್ದ ಹಾಗೇ ಸ್ಕ್ಯಾನ್ ಮಾಡಿದ್ದಾಳೆ. ಹದಿನಾರು ವರ್ಷ ಗಾರ್ಮೆಂಟ್ಸಲ್ಲಿ ಪ್ಯಾಟರ್ನ್ ತೆಗೆದವಳು, ಒಂದು ನೂಲಿನಷ್ಟು ಗೆರೆ ಆಚೀಚೆ ಆದ್ರೂ ಹೇಳ್ತಾಳೆ. ಆದರೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಅದೂ ಏನೋ ಅಳತೆ ಅಂದುಕೊಂಡಿದ್ದಾಳೆ ಪಾಪ…

ತೆಗೆಯೋದು ಕಷ್ಟವೇನಲ್ಲ. ಒಂದು ನಿಮಿಷದ ಕೆಲಸ. ನೋಡಿ, ಆಗಲೇ ಮೌಸ್ ಮೇಲೆ ಕೈ ಇಟ್ಕೊಂಡು ಕೂತಿದ್ದಾಳೆ… ಇರು ರೆಹಾನಾ, ಮುಟ್ಟಬೇಡ. ನಾನು ಮಾತಾಡ್ತಿದ್ದೀನಲ್ಲ… ಗಂಟೆ ಎಷ್ಟಾ? ಮೂರೂ ಮುಕ್ಕಾಲು ಅಕ್ಕಾ. ಕಾಲು ಗಂಟೆ ಇದೆ. ಏನು ಅವಸರ…

ಯಾರ ಕಣ್ಣಿಗೆ ಬೀಳುತ್ತೆ ಅಂತ ಇಷ್ಟು ಹೆದರಿಕೆ?… ಯಾರು, ಯಲಹಂಕದ ಬೀಗಿತ್ತಿನಾ? ಅವರೂ ಹೊಲೀತಾರಾ?… ನನ್ನ ಗುಂಪಲ್ಲೇ ಇದ್ದಾರಾ! ಗೊತ್ತೇ ಇರಲಿಲ್ಲ ನೋಡಿ. ಆರುನೂರ ನಲವತ್ತು ಜನ ಇದ್ದಾರೆ, ಒಬ್ಬೊಬ್ಬರ ಮುಖ ಎಲ್ಲಿ ನೆನಪಿರುತ್ತೆ? ಭಾನುವಾರ ನಿಮ್ಮ ಮಗಳಿಗೆ ಅವರ ಮಗನ ಜೊತೆ ನಿಶ್ಚಿತಾರ್ಥ… ಹಾಂ… ಹಾಂ… ಅವರಿಗೆ ನಿಮ್ಮ ಆಪರೇಷನ್ ವಿಚಾರ ಹೇಳಿಲ್ಲ…

ಗೊತ್ತಾದ್ರೆ ಏನಾಗುತ್ತೆ?… ತಾಯಿಗೆ ಬಂದ ಕಾಯಿಲೆ ನಾಳೆ ಮಗಳಿಗೂ ಬರುತ್ತೆ ಅಂತ ಎದ್ದು ಹೋಗ್ತಾರಾ?… ಆಗಲೇ ಒಂದು ಸಂಬಂಧ ಹಾಗೇ ಹೋಯ್ತಾ! ಅಯ್ಯೋ ಪಾಪ. ಹುಡುಗಿ ಏನಂತಾಳೆ?… ಹೇಳಿಬಿಡೋಣ ಅಂದಳಾ? ನೀವೇ ಬೇಡ ಅಂದ್ರಾ? ಹೂಂ. ದೊಡ್ಡಮನೆಯವರು ಮುಚ್ಚಿಡೋದರಲ್ಲಿ ಗಟ್ಟಿಗರು ಬಿಡಿ…

ಚುಚ್ಚಿ ಮಾತಾಡ್ತಿಲ್ಲಕ್ಕಾ. ನಾನೇನು ಸಣ್ಣ ಕೆಲಸ ಮಾಡಿದ್ದೀನಾ? ನಿಮ್ಮ ಹಾಗೆ ಎದೆ ತೆಗೆಸಿಕೊಂಡ ಎಷ್ಟು ಹೆಣ್ಣುಮಕ್ಕಳಿದ್ದಾರೆ ಗೊತ್ತಾ ನಮ್ಮ ಸುತ್ತಮುತ್ತ? ಆರ್‌.ಟಿ. ನಗರದಲ್ಲಿ ಇಬ್ಬರು, ಕೊಡಿಗೇಹಳ್ಳಿಯಲ್ಲಿ ಒಬ್ಬ ಟೀಚರು. ಟೈಲರ್ ಹತ್ರ ಹೋಗೋಕೆ ನಾಚಿಕೊಂಡು ಬೇಸಗೆಯಲ್ಲೂ ಶಾಲು ಹೊದ್ದು ಓಡಾಡ್ತಾರೆ. ಅಂಥವರಿಗೆ ಈ ಹತ್ತಿ ತುಂಬೋ ಜೇಬಿನ ರವಿಕೆ ಸಿಕ್ಕಿದ್ರೆ ಮನೇಲೇ ಹೊಲ್ಕೋತಾರೆ… ಹೆಸರು ಯಾಕೆ ಬೇಕು ಅಂತೀರಾ? ಹೆಸರು ಬೇಕಾಗಿಲ್ಲ. ಅದು ನಿಜ…

ಅಕ್ಕಾ, ನೀವು ಬಂದ ದಿನ ನೆನಪಿದೆಯಾ? ಮೂರು ವರ್ಷ ಆಯ್ತು. ಬೆಳಿಗ್ಗೆ ಏಳು ಗಂಟೆಗೆ, ನಾನಿನ್ನೂ ಅಂಗಡಿ ಷಟರ್ ಎತ್ತಿರಲಿಲ್ಲ. ಅಮೃತಹಳ್ಳಿಯಿಂದ ಬ್ಯಾಟರಾಯನಪುರಕ್ಕೆ ಆಟೋದಲ್ಲಿ, ಮುಖದ ತುಂಬ ಸೆರಗು… ನೆನಪಿದೆಯಲ್ಲ. ಕೈಯಲ್ಲಿ ಒಂದು ಹಳೇ ರವಿಕೆ ಇತ್ತು. ‘ಇದರ ಅಳತೆಗೇ ಕೊಡು ಕಲಾ’ ಅಂದ್ರಿ. ನಾನು ಹೇಳಿದೆ, ಇನ್ಮೇಲೆ ಈ ಅಳತೆ ರವಿಕೆ ಕೆಲಸಕ್ಕೆ ಬರಲ್ಲ, ಮೈ ಮೇಲೇ ಟೇಪು ಹಿಡೀಬೇಕು ಅಂತ. ಎಷ್ಟೊತ್ತು ನಿಂತಿದ್ರಿ ಹಾಗೇ! ಆಮೇಲೆ ಸೆರಗು ತೆಗೆದ್ರಿ…

ನಾನು ಯಾರಿಗೂ ಹೇಳಲಿಲ್ಲ ಅಕ್ಕಾ. ಮೂರು ವರ್ಷ. ಅಮ್ಮನಿಗೂ ಹೇಳಲಿಲ್ಲ. ನಾಲ್ಕು ಸಲ ಕಟ್ ಮಾಡಿ ಬಿಸಾಕಿ, ಐದನೇ ಸಲ ಸರಿಯಾಗಿ ಕೂತ ಕಟಿಂಗ್ ಅದು. ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಒಂದು ಸಲ ನಕ್ಕಿದ್ರಿ…

ಹೌದು, ಋಣ ಇದೆ ಅಂದಿದ್ರಿ. ಅಂದಿದ್ರಿ. ಆದರೆ ಆವತ್ತು ಟೇಪು ಹಿಡಿದಾಗ ನನಗೆ ಏನು ಅನ್ನಿಸ್ತು ಹೇಳಲಾ? ಇದೇ ಮೊದಲನೇ ಸಲ ನಮ್ಮ ಟೇಪು ಇವರ ಮೈಗೆ ತಾಗಿದ್ದು ಅಂತ. ಅಮ್ಮ ಮೂವತ್ತು ವರ್ಷ ನಿಮ್ಮ ಮನೆ ರವಿಕೆ ಹೊಲಿದಳು. ಒಂದು ದಿನ ಯಾರ ಅಳತೆನೂ ತಗೊಂಡಿಲ್ಲ. ಬಾಗಿಲೊಳಗಿಂದ ಅಳತೆ ರವಿಕೆ ಬಂದು ಜಗಲಿ ಮೇಲೆ ಬೀಳೋದು. ಹಿಂದಿನದು ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಒಳಗಿಂದಲೇ ಕೂಗಿ ಹೇಳೋರು. ಅಮ್ಮ ನಿಮ್ಮೆಲ್ಲರ ಮೈಯನ್ನ ಕಿವೀಲಿ ಕೇಳಿ ಹೊಲಿದಳು ಅಕ್ಕಾ…

ಕಾಲ ಹಾಗಿತ್ತು, ನಿಜ. ಕಾಲ ಹಾಗಿತ್ತು. ನಿಮ್ಮ ಮದುವೆ ನೆನಪಿದೆಯಾ?… ಅಲ್ಲ, ಮದುವೆ ಯಾರು ಮರೀತಾರೆ. ನಿಮ್ಮಪ್ಪ ಚಿಕ್ಕಮುನಿಯಪ್ಪನವರು ಮನೆಯಳಿಯನ್ನ ತಂದ್ರು, ದ್ರಾಕ್ಷಿ ತೋಟದ ತುಂಬ ಚಪ್ಪರ. ಒಂಬತ್ತು ದಿನದಲ್ಲಿ ನಲವತ್ತು ರವಿಕೆ ಆಗಬೇಕಿತ್ತು. ಅಮ್ಮ ಮಿಷನನ್ನ ತಲೆ ಮೇಲೆ ಹೊತ್ತು ತಂದು ನಿಮ್ಮ ಜಗಲಿ ಮೇಲೆ ಇಟ್ಕೊಂಡಳು. ನಾನು ಪಕ್ಕದಲ್ಲಿ ಕೂತು ಹುಕ್ಸ್ ಹಾಕ್ತಿದ್ದೆ. ಅಮ್ಮನಿಗೆ ಜ್ವರ. ಮಧ್ಯಾಹ್ನ ಆದರೆ ಪಡುವಣ ಬಿಸಿಲು ನೇರ ಮುಖಕ್ಕೆ ಹೊಡೆಯೋದು. ಆರನೇ ದಿನ ಅಮ್ಮ ಕೇಳಿದಳು, ‘ಅಮ್ಮಯ್ಯ, ಒಳಗೆ ನಡುಮನೇಲಿ ಒಂದು ಮೂಲೆ ಕೊಟ್ರೆ ಇಂಗೇ ಮುಗಿಸಿಬಿಡ್ತೀನಿ’ ಅಂತ. ನೀವು ಬಾಗಿಲಲ್ಲಿ ನಿಂತಿದ್ರಿ. ಅರಿಶಿನ ಹಚ್ಚಿದ ಕೈ…

ಏನಂದ್ರಿ ಹೇಳಿ ನೋಡೋಣ… ನೆನಪಿಲ್ವಾ? ನಿಜವಾಗಲೂ?… ‘ಅಲ್ಲೇ ಸ್ವಲ್ಪ ಆ ಕಡೆ ಸರ್ಕೊಂಡು ಕೂತ್ಕೊ ಗೋಪಾಲಮ್ಮ, ನೆರಳು ಬರುತ್ತೆ.’ ಅಷ್ಟೇ. ಬೈಗುಳ ಅಲ್ಲ ಏನಲ್ಲ. ನಗ್ತಾನೇ ಅಂದ್ರಿ. ಅಮ್ಮನೂ ನಕ್ಕಳು. ಸರ್ಕೊಂಡಳು. ನೆರಳೇನೂ ಬರಲಿಲ್ಲ…

ತಪ್ಪಾಯ್ತು ಅನ್ನಬೇಡಿ ಅಕ್ಕಾ, ನೆನಪೇ ಇಲ್ಲದ್ದಕ್ಕೆ ಏನು ತಪ್ಪಾಯ್ತು ಅನ್ನೋದು? ಅಮ್ಮ ಈಗ ಎಲ್ಲಿ ಕೂತಿದ್ದಾಳೆ ಗೊತ್ತಾ? ಅಂಗಡಿ ನನ್ನದು. ಹಿಂದಗಡೆ ಮನೆ ನನ್ನದು. ಒಳಗೆ ಕುರ್ಚಿ ಇದೆ, ಫ್ಯಾನಿದೆ. ಬಾರಮ್ಮ ಅಂದ್ರೆ ‘ಇಲ್ಲೇ ಗಾಳಿ ಬತ್ತದೆ ಬುಡು’ ಅಂತಾಳೆ. ಎಪ್ಪತ್ತೆಂಟು ವರ್ಷ ಅವಳಿಗೆ. ಮಗಳ ಮನೇಲೂ ಹೊಸಲಿಂದ ಆಚೆಗೇ ಕೂರ್ತಾಳೆ ಅಕ್ಕಾ…

ಐದು ನಿಮಿಷ ಇದೆ ಅಂತ ರೆಹಾನಾ ಸನ್ನೆ ಮಾಡ್ತಿದ್ದಾಳೆ. ಗೊತ್ತು ರೆಹಾನಾ, ಗಡಿಯಾರ ನನಗೂ ಕಾಣುತ್ತೆ… ಏನು ಬೇಕು ಅಂತ ಕೇಳ್ತಿದ್ದೀರಾ? ನನಗೇನು ಬೇಕು ನಿಮ್ಮ ಹತ್ರ?… ಹಾಗಾದ್ರೆ ಹೇಳ್ತೀನಿ. ಭಾನುವಾರ ಅಮ್ಮನನ್ನ ಕರ್ಕೊಂಡು ಬರ್ತೀನಿ. ನೀವೇ ಬಾಗಿಲಿಗೆ ಬಂದು, ಕೈ ಹಿಡ್ಕೊಂಡು, ನಡುಮನೆಗೆ ಕರ್ಕೊಂಡು ಹೋಗಬೇಕು. ಬೀಗರ ಸಾಲಿನಲ್ಲಿ ಕೂರಿಸಬೇಕು. ಎಲ್ಲರ ಎದುರಿಗೆ. ಆಗುತ್ತಾ?…

ಏನು?…

ಕರ್ಕೊಂಡು ಬಾ ಅಂದ್ರಾ?… ಸೀರೆನೂ ಉಡಿಸ್ತೀರಾ?… ಕಾಲಿಗೂ ಬೀಳ್ತೀರಾ?… ಪಕ್ಕದಲ್ಲೇ ಕೂತು ಊಟ ಮಾಡ್ತೀರಾ?…

ಹೂಂ… ಹೂಂ… ಕೇಳಿಸ್ತಾ ಇದೆ…

ಇಲ್ಲ, ಇದ್ದೀನಿ ಲೈನಲ್ಲಿ. ಒಂದು ಮಾತು ಕೇಳಲಾ ಅಕ್ಕಾ? ಇಷ್ಟು ಸುಲಭವಾಗಿತ್ತಾ ಅದು? ಒಂದು ಉಸಿರಲ್ಲಿ ಅಂದುಬಿಟ್ರಲ್ಲ. ನಿಮಗೂ ಕಷ್ಟ ಇತ್ತೇನೋ, ಹಿರಿಯರ ಹೆದರಿಕೆ ಇತ್ತೇನೋ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಎರಡು ಸಾಲು ಅಳಿಸೋದಕ್ಕೆ ಕೊಡೋವಂಥ ಜಾಗಾನಾ ಅದು, ಆವತ್ತು ಜ್ವರ ಬಂದವಳಿಗೆ ಕೊಡದೇ ಇದ್ದದ್ದು?…

ಅಳಬೇಡಿ. ನಿಮ್ಮ ಮಗಳು ಏನು ತಪ್ಪು ಮಾಡಿದ್ದಾಳೆ ಅಂತ ಕೇಳ್ತೀರಾ? ಏನೂ ಮಾಡಿಲ್ಲ. ಜಗಲಿ ಮೇಲೆ ಹುಕ್ಸ್ ಹಾಕ್ತಿದ್ದಳಲ್ಲ, ಅವಳೂ ಏನೂ ಮಾಡಿರಲಿಲ್ಲ…

ಅಮ್ಮನಿಗಾ? ಅಮ್ಮನ ಕೈಗೆ ಫೋನ್ ಕೊಡಲ್ಲ… ಕೊಡಲ್ಲ ಅಕ್ಕಾ. ಕೊಟ್ರೆ ಅವಳು ಏನಂತಾಳೆ ನನಗೆ ಗೊತ್ತು. ‘ಎಸ್ರು ಅಳಿಸಾಕು ಕಣೆ, ಎಣ್ಣು ಎತ್ತವ್ಳೆ ಆ ತಾಯಿ’ ಅಂತಾಳೆ. ಅದಕ್ಕೇ ಕೊಡಲ್ಲ…

ಏನು ರೆಹಾನಾ? ನಾಲ್ಕಾಯ್ತಾ?… ಬೇಡ, ನೀನು ಯಾಕೆ ನನ್ನ ಕೈ ಹಿಡ್ಕೋತೀಯಾ? ಏಳು. ನಾನೇ ಒತ್ತುತೀನಿ. ನನ್ನ ಪ್ಯಾಟರ್ನ್, ನನ್ನ ಅಕ್ಷರ, ನನ್ನ ಬೆರಳು…

ಹೋಯ್ತು ಅಕ್ಕಾ. ಆರೂ ಒಟ್ಟಿಗೇ ಹೋಯ್ತು. ಯಲಹಂಕಕ್ಕೂ ಹೋಗಿರುತ್ತೆ…

ರಾಧಾಮಣಿಯಕ್ಕಾ… ಕೇಳಿಸ್ತಿದೆಯಾ?… ಯಾಕೆ ಹಾಗೆ ಉಸಿರಾಡ್ತಿದ್ದೀರಾ? ಬಿಸಿಲು ಜಾಸ್ತಿ ಅಲ್ವಾ ತಾರಸಿ ಮೇಲೆ? ಅಲ್ಲೇ ಸ್ವಲ್ಪ ಆ ಕಡೆ ಸರ್ಕೊಂಡು ಕೂತ್ಕೊಳ್ಳಿ, ನೆರಳು ಬರುತ್ತೆ…

ಹಲೋ?… ಹಲೋ?…

ಯಾರೂ ಇಲ್ಲಮ್ಮ, ನೀನು ಕೂತ್ಕೊ. ಯಾರೋ ಅಳತೆ ವಿಚಾರಕ್ಕೆ ಫೋನ್ ಮಾಡಿದ್ರು. ಲೈನ್ ಕಟ್ ಆಯ್ತು…