ಅಕ್ಕ ಓದಿದ ಮಾಟಗಾತಿಯ ಕಥೆ

...ಅಲ್ಲ ಕಣೇ, ಪೊರಕೆ ಮೇಲೆ ಹಾರೋ ಮಾಟಗಾತಿ ಅಲ್ಲ! ಯಾಕೆ ನಗ್ತೀಯ? ನಗು, ನಗು. ನಾನೂ ಹಾಗೇ ಅಂದ್ಕೊಂಡಿದ್ದೆ. ನಮ್ಮ ಲಾಂಡ್ರಿಗೆ ಬರೋ ಮೇಷ್ಟ್ರು ಇದ್ದಾರಲ್ಲ, ಅವರ ಕೋಟಿನ ಜೇಬಲ್ಲಿತ್ತು ಈ ಕಾದಂಬರಿ. ಒಗೆಯೋಕೆ ಹಾಕೋ ಮುಂಚೆ ಜೇಬು ನೋಡೋದು ನನ್ನ ಕೆಲಸ ತಾನೆ? ಕರವಸ್ತ್ರ ಸಿಗುತ್ತೆ, ಬಾಚಣಿಗೆ ಸಿಗುತ್ತೆ, ಒಂದ್ಸಲ ಯಾರದೋ ಹಲ್ಲುಸೆಟ್ಟು ಸಿಕ್ಕಿತ್ತು... ವಾಪಸ್ ಕೊಡೋಕೆ ಹೋದ್ರೆ, 'ನೀವೂ ಓದಿ, ಅವಸರ ಏನಿಲ್ಲ' ಅಂದ್ರು. ಇಸ್ತ್ರಿಪೆಟ್ಟಿಗೆ ಕಾಯೋ ತನಕ ಒಂದು ಪುಟ, ಮತ್ತೊಂದು ಪುಟ... ಯಾರದೋ ಬಿಳಿ ಅಂಗಿ ಸುಟ್ಟೇ ಹೋಯ್ತು! ಚೆನ್ನಾಗಿ ಬೈಸಿಕೊಂಡೆ. ಆದ್ರೂ ಪುಸ್ತಕ ಬಿಡಲಿಲ್ಲ.

ನೀನು ಬಟ್ಟೆ ಮಡಚ್ತಾ ಇರು, ನಾನು ಹೇಳ್ತೀನಿ. ಮಗು ಒಳಗೆ ಮಲಗಿದೆ ಅಲ್ವಾ? ಸರಿ, ಮೆತ್ತಗೇ ಮಾತಾಡ್ತೀನಿ.

ಅದರಲ್ಲೊಬ್ಬಳು ಹೆಂಗಸು. ಮಂತ್ರ ಗೊತ್ತಿಲ್ಲ, ತಂತ್ರ ಗೊತ್ತಿಲ್ಲ, ಮಕ್ಕಳೂ ಇಲ್ಲ. ಏನೋ ಬೇರು ಸೊಪ್ಪು ಅರೆದು ಜ್ವರ ಬಂದವರಿಗೆ ಕೊಡ್ತಾಳೆ, ಅಷ್ಟೆ. ಒಂದಿನ ಪಕ್ಕದ ಮನೆ ಕರುವಿನ ಬೆನ್ನು ಸವರಿ ಹೋಗ್ತಾಳೆ. ಬೆಳಿಗ್ಗೆ ನೋಡಿದ್ರೆ ಕರು ಸತ್ತಿರುತ್ತೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು! ಅಲ್ಲಿಂದ ಶುರು. ಹಾಲು ಒಡೆದ್ರೂ ಅವಳೇ, ಬಾವಿ ಬತ್ತಿದ್ರೂ ಅವಳೇ.

ನಾನೇನು ಕಲಿತೆ ಗೊತ್ತಾ? ಮಕ್ಕಳಿಲ್ಲದವಳು ಬೇರೆಯವರ ಮಗೂನ ತುಂಬಾ ಹೊತ್ತು ನೋಡಬಾರದು. 'ಎಷ್ಟು ಮುದ್ದಾಗಿದೆ' ಅಂದ್ಯೋ, ಕೆಟ್ಟೆ! ನೋಡದೇ ಹೋದ್ರೂ ಕೆಟ್ಟೆ, ಹೊಟ್ಟೆಕಿಚ್ಚು ಅಂತಾರೆ. ಹಾಗಾದ್ರೆ ಕಣ್ಣು ಎಲ್ಲಿಟ್ಟುಕೊಳ್ಳಬೇಕು? ಅದನ್ನ ಮಾತ್ರ ಆ ಕಾದಂಬರಿ ಬರೆದ ಪುಣ್ಯಾತ್ಮರು ಹೇಳೇ ಇಲ್ಲ.

...ನಗು ನಿಂತೇಹೋಯ್ತಲ್ಲ? ತಮಾಷೆಗೆ ಅಂದೆ ಕಣೇ.

ಇನ್ನೊಂದು ಇದೆ, ಅದಕ್ಕೆ ಮಾತ್ರ ಅಳು ಬಂತು ನನಗೆ. ಅವಳನ್ನ ಮಾಟಗಾತಿ ಅಂತ ಮೊದಲು ಅಂದಿದ್ದು ಯಾರು ಅಂತೀಯ? ವೈರಿಗಳಲ್ಲ. ಅವಳ ಕೈತುತ್ತು ತಿಂದು ಬೆಳೆದ ಹುಡುಗಿ! ನಾನಂತೂ ಪುಸ್ತಕ ಮುಚ್ಚಿಟ್ಟು ಆ ಹುಡುಗಿಗೆ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಮತ್ತೆ ತೆರೆದು ಓದಿದ್ರೆ... ಪಾಪ, ಅವಳಿಗೂ ಒಂದು ಕೂಸಿತ್ತು. ಭಯ. ಭಯ ಬಿದ್ದವರಿಗೆ ಪ್ರೀತಿ ಇರಲ್ಲ ಅಂತಲ್ಲ, ಪುಟ್ಟಿ. ಇರುತ್ತೆ. ಅದಕ್ಕೇ ಬೈಯೋಕೂ ಆಗಲ್ಲ.

ಯಾಕೆ, ಆಗಿನಿಂದ ಆ ಒಂದೇ ಅಂಗಿ ಮಡಚ್ತಾ ಇದ್ದೀಯ? ಕೊಡು ಇಲ್ಲಿ. ಅಯ್ಯೋ, ಇದರ ತೋಳು ನೋಡು... ನನ್ನ ಹೆಬ್ಬೆರಳೂ ಹೋಗಲ್ಲ!

ಪುಟ್ಟಿ, ಒಂದು ಮಾತು ಕೇಳ್ಲಾ? ಹೆರಿಗೆ ಆಗಿ ನೀನು ಮನೆಗೆ ಬಂದಾಗ ನಾನು ಒಂದೇ ಒಂದು ಸಲ ಮಗೂನ ಎತ್ತಿಕೊಂಡಿದ್ದೆ. ಸಂಜೆಗೆ ಅದಕ್ಕೆ ಜ್ವರ ಬಂತು. ಅವತ್ತಿಂದ ನನ್ನ ಮಡಿಲಿಗೆ ಬಂದೇ ಇಲ್ಲ. 'ಈಗ ತಾನೇ ಮಲಗ್ತು ಅಕ್ಕ', 'ಈಗ ತಾನೇ ಹಾಲು ಕುಡೀತು ಅಕ್ಕ'... ಬರೀ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಿನ್ನನ್ನ ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು ಕಣೇ ನಾನು! ಹೌದು, ನನ್ನವು ಎರಡೂ ಉಳೀಲಿಲ್ಲ. ಹಾಗಂತ... ಇರಲಿ ಬಿಡು. ನಿನ್ನತ್ತೆ ಏನಾದ್ರೂ ಅಂದ್ರಾ? ವಯಸ್ಸಾದವರು, 'ನಿಮ್ಮಕ್ಕನ ಕೈಗೆ ಕೊಡಬೇಡ' ಅಂದಿರ್ತಾರೆ. ಅಷ್ಟೇ ತಾನೆ? ಹೌದು ಅಂತ ಹೇಳಿಬಿಡು ಸಾಕು. ನನಗೆ ಒಂಚೂರೂ ಬೇಜಾರಿಲ್ಲ.

ಬಾಯಿ ಬಿಟ್ಟು ಹೇಳೋಕಾಗದಿದ್ರೆ ತಲೆ ಆಡಿಸು.

...

ಅಗೋ, ಎದ್ದಿದೆ. ಅಳ್ತಾ ಇದೆ... ಇಲ್ಲ ಇಲ್ಲ, ನಾನು ಏಳಲ್ಲ. ಕೂತೇ ಇರ್ತೀನಿ. ಹಾಗೆ ಬಾಗಿಲಿಗೆ ಅಡ್ಡ ನಿಲ್ಲಬೇಡ್ವೇ...

...

ಒಂದು ಸುಳ್ಳು ಹೇಳೋಕೂ ಬರಲ್ವಲ್ಲ ನಿನಗೆ! 'ಹೌದಕ್ಕ, ಅತ್ತೆ ಬೇಡ ಅಂದ್ರು' ಅಂದುಬಿಟ್ಟಿದ್ರೆ ನಂಬ್ತಿದ್ದೆ. ನಂಬಬೇಕು ಅಂತಲೇ ಬಂದಿದ್ದೆ.

ನಿನ್ನತ್ತೆ ನಿನ್ನೆ ಲಾಂಡ್ರಿಗೆ ಬಂದಿದ್ರು ಕಣೇ. ನಿನಗೆ ಹೇಳಿಲ್ವಾ? ಕಂಬಳಿ ಒಗೆಯೋಕೆ ಕೊಟ್ಟು, ನನ್ನ ಕೈ ಹಿಡ್ಕೊಂಡು ಕೇಳಿದ್ರು... 'ಯಾಕಮ್ಮ, ನಮ್ಮ ಕೂಸಿನ ಮೇಲೆ ನಿನಗೇನು ಕೋಪ? ಒಂದಿನಾನೂ ಎತ್ತಿಕೊಳ್ಳಲ್ವಲ್ಲ' ಅಂತ.

ಅಳಬೇಡ. ನಾನೇನೂ ಹೇಳಲಿಲ್ಲ. ಕೆಮ್ಮು ಅಂದೆ. ಸೋಪಿನಪುಡಿ, ಹಬೆ, ಎದೆಯೆಲ್ಲಾ ಕಫ, ಮಗೂಗೆ ಅಂಟೀತು ಅಂದೆ. ನಂಬಿದ್ರು.

ಕೇಳಿದ್ರೆ ನೀನೂ ಹಾಗೇ ಹೇಳು. ಇಬ್ಬರ ಮಾತೂ ಒಂದೇ ಇರಲಿ... ಹೋಗು, ಎಷ್ಟು ಹೊತ್ತಿಂದ ಅಳ್ತಾ ಇದೆ. ಎತ್ಕೋ ಹೋಗು.