ಹೊರಡುವ ಮುನ್ನ ಕೂತವನು

ಬೇಲಾ ತ್ಸರ್ಕ್ವಾ ಊರಿನಲ್ಲಿ ಆ ಸಂಜೆ ಮಳೆ ಬಿಡುವ ಲಕ್ಷಣ ಇರಲಿಲ್ಲ. ಝಾರ್ ದೊರೆಯ ಆಳ್ವಿಕೆ ಬಿದ್ದಾಗ ರಷ್ಯಾದಿಂದ ಓಡಿಬಂದವರಿಗೆ ಮೂವತ್ತು ವರ್ಷ ನೆರಳಾಗಿದ್ದ ಊರು ಈಗ ಅವರನ್ನು ಒಂದೊಂದೇ ಮನೆಯಾಗಿ ಹೊರಗೆ ಹಾಕುತ್ತಿತ್ತು. ಈ ದೇಶವನ್ನಾಳುವ ಬೆಲ್‌ಗ್ರೇಡಿನ ಸರ್ಕಾರಕ್ಕೂ ಮಾಸ್ಕೋಗೂ ಜಗಳ ಹತ್ತಿದ ಮೇಲೆ ರಷ್ಯನ್ ಮಾತಾಡುವವರೆಲ್ಲ ಗೂಢಚಾರರಂತೆ ಕಾಣತೊಡಗಿದ್ದರು. ರಷ್ಯನ್ನರಿಗೂ ತಮ್ಮ ಪಕ್ಕದ ಮನೆಯ ರಷ್ಯನ್ ಹಾಗೆಯೇ ಕಾಣುತ್ತಿದ್ದ.

ಕೀರಾ ಟ್ರಂಕುಗಳನ್ನು ಬಾಗಿಲ ಬಳಿ ಜೋಡಿಸಿದ್ದಳು. ಗಡಿಯಾಚೆಯ ಟ್ರಿಯೆಸ್ತೆಗೆ ಹೋಗುವ ರೈಲು ಇವತ್ತೇ. ದೇಶ ಬಿಡಲು ಕೊಟ್ಟ ಅನುಮತಿಯೂ ಇವತ್ತಿಗೇ ಮುಗಿಯುತ್ತಿತ್ತು. ಬೆಳಗ್ಗೆ ಪೊಲೀಸರು ಕರೆದರೆಂದು ಹೋದ ಗಂಡ ಗ್ಲೆಬ್ ಮಾತ್ರ ಇನ್ನೂ ಬಂದಿರಲಿಲ್ಲ. ರಷ್ಯನ್ನರ ಪದ್ಧತಿಯಂತೆ, ಪ್ರಯಾಣ ಹೊರಡುವ ಮುಂಚೆ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಮಾತಿಲ್ಲದೆ ಸ್ವಲ್ಪ ಹೊತ್ತು ಕೂರಬೇಕು, ಹಿರಿಯರು ಎದ್ದಾಗ ಒಟ್ಟಿಗೆ ಏಳಬೇಕು. ಅದಕ್ಕಾಗಿ ಅವಳು ಮಾವ ಪೊರ್ಫಿರಿಗೆ ಟ್ರಂಕು, ತನಗೆ ಹಾಸಿಗೆಯ ಗಂಟು, ಗ್ಲೆಬ್‌ಗೆ ಒಂದು ಸ್ಟೂಲು ಇಟ್ಟಿದ್ದಳು.

ಬೀಳ್ಕೊಡಲು ಬಂದವಳು ಪಕ್ಕದ ಬೀದಿಯ ಗ್ಲಫೀರಾ, ಅರವತ್ತು ದಾಟಿದ ಮುದುಕಿ. ಕೈಯಲ್ಲಿ ಚೆರ್ರಿ ಜಾಮಿನ ಶೀಶೆ. ಕೀರಾಗೆ ಅವಳ ಬರವು ಹಿಡಿಸಲಿಲ್ಲ. ಇವತ್ತೇ ಹೊರಡುವುದೆಂದು ಇವಳಿಗೆ ಯಾರು ಹೇಳಿದರು? ಈಕೆ ಯಾವಾಗಲೂ ಇಬ್ಬರಿಗಾಗುವಷ್ಟು ಬ್ರೆಡ್ ಕೊಳ್ಳುತ್ತಿದ್ದಳು, ಮನೆಯಲ್ಲಿ ತಮ್ಮನಿದ್ದಾನೆ ಎನ್ನುತ್ತಿದ್ದಳು. ಆ ತಮ್ಮ ಬೀದಿಗೆ ಬಂದದ್ದನ್ನು ಕಂಡವರಿಲ್ಲ. ಒಮ್ಮೆ ಅವಳ ಕಿಟಕಿಯಲ್ಲಿ ಎಳೆಯ ಮುಖವೊಂದನ್ನು ನೋಡಿ ಕೀರಾ ಯಾರೋ ಬಾಡಿಗೆಯ ಹುಡುಗನಿರಬೇಕು ಅಂದುಕೊಂಡಿದ್ದಳು.

"ಈ ಸ್ಟೂಲು ಯಾರಿಗೆ ಮರಿ?" ಗ್ಲಫೀರಾ ಕೇಳಿದಳು.

"ಗ್ಲೆಬ್‌ಗೆ. ಇನ್ನೇನ್ ಬಂದ್ಬಿಡ್ತಾರೆ."

"ಬರೋವರೆಗೂ ತೆಗೆದಿಡು. ಖಾಲಿ ಜಾಗ ಹಾಕೋದು ತಿಥಿ ಊಟದಲ್ಲಿ, ಸತ್ತವರಿಗೆ."

ಪೊರ್ಫಿರಿ ನಕ್ಕ. "ನೋಡು ಕೀರಾ, ನಮಗೆ ಗಡಿ ದಾಟೋಕೆ ಹತ್ತು ಮೊಹರು ಬೇಕು. ಈ ಮಹಾತಾಯಿಯ ಮೂಢನಂಬಿಕೆ ಒಂದು ಮೊಹರೂ ಇಲ್ಲದೆ ದಾಟಿ ಬಂದಿದೆ."

ಗ್ಲಫೀರಾ ನಗಲಿಲ್ಲ. ಒದ್ದೆ ಶಾಲನ್ನು ಒಲೆಯ ಹತ್ತಿರ ಹರವಿ ಕೂತು, ಯಾರೂ ಕೇಳದಿದ್ದರೂ ಶುರುಮಾಡಿದಳು.

"ಕೇಳಿ... ರಷ್ಯಾದಲ್ಲಿ ನಾವು ನಮ್ಮೂರು ಕೆರ್ಚ್ ಬಿಟ್ಟ ದಿನಾನೂ ಹಿಂಗೇ ಮಳೆ. ಕೆಂಪು ಸೈನ್ಯ ಊರ ಹೊರಗೆ ಬಂದಾಗಿತ್ತು, ಕೊನೇ ಹಡಗು ಬಂದರಲ್ಲಿ ಕೂಗ್ತಿತ್ತು, ನನ್ನ ತಮ್ಮ ಅರ್ಸೇನಿ ಜಾಗ ಹಿಡಿದು ಬರ್ತೀನಿ ಅಂತ ಹೋದೋನು ಬರ್ಲೇ ಇಲ್ಲ. ಅಪ್ಪ ಕೂರಿ ಕೂರಿ ಅಂತ ಗದರ್ತಿದ್ರು. ಅಮ್ಮ ಏನ್ ಮಾಡಿದ್ಲು ಗೊತ್ತಾ? ಅವನ ಕುರ್ಚಿ ಎಳೆದು ನಡುವೆ ಹಾಕಿ, ನನ್ನ ಮಗಾನೂ ನಮ್ಮ ಜೊತೆ ಕೂತಿದಾನೆ ಅಂದ್ಲು. ತಲೆ ಬಗ್ಗಿಸಿ ಕೂತ್ವಿ... ನೀರು ತೊಟ್ಟಿಕ್ಕೋ ಸದ್ದು ಕೇಳಿಸ್ತು. ಕಣ್ಣು ಬಿಟ್ರೆ ಕುರ್ಚಿ ಕೆಳಗೆ ಒದ್ದೆ ಬೂಟು. ಅರ್ಸೇನಿ! ಬಾಗಿಲು ತೆಗೆದ ಸದ್ದು ಯಾರಿಗಾದ್ರೂ ಕೇಳಿಸ್ತಾ? ಕೇಳೋಕೆ ಪುರುಸೊತ್ತು ಯಾರಿಗಿತ್ತು ಹೇಳಿ? ಅಳ್ತಾ ನಗ್ತಾ ಒಟ್ಟಿಗೆ ಎದ್ವಿ, ಅವನೂ ಎದ್ದ, ಟ್ರಂಕು ಹೊತ್ತ, ಹಡಗು ಹತ್ತಿದ, ಇಲ್ಲೀವರೆಗೂ ಬಂದ."

"ಬಂದನಲ್ಲ, ಮತ್ತೇನು ತೊಂದರೆ?" ಎಂದ ಪೊರ್ಫಿರಿ.

"ಕೇಳು. ಇಲ್ಲಿಗೆ ಬಂದ ಮೇಲೆ ನಮಗೆಲ್ಲ ಏನಿತ್ತು? ಬಿಟ್ಟು ಬಂದ ಮನೆ ನೆನಪು, ಅಷ್ಟೇ ತಾನೇ? ಅದರಲ್ಲಿ ಅವನನ್ನ ಮೀರಿಸೋರಿಲ್ಲ. ಯಾವ ಮೆಟ್ಟಿಲು ಕಿರುಗುಟ್ಟತ್ತೆ, ಯಾವ ಕಪ್ಪಿನ ಕಿವಿ ಮುರಿದಿದೆ... ಎಲ್ಲ ಹೇಳೋನು. ಅಮ್ಮ ಬಾಯಿ ಬಿಟ್ಕೊಂಡು ಕೇಳೋಳು. ಒಂದಿನ ನಾನು, ಅರ್ಸೇನಿ, ನಿಮ್ಮ ಶಾಲೆ ಮೇಷ್ಟ್ರ ಹೆಸರೇನೋ ಅಂದೆ. ಗೊತ್ತಿಲ್ಲ ಅಂದ. ಈಜು ಕಲಿತ ಜಾಗ? ಪ್ರೀತಿ ಮಾಡಿದ ಹುಡುಗಿ? ಗೊತ್ತಿಲ್ಲ... ಮನೆ ಹೊಸ್ತಿಲಾಚೆಗಿನ ಒಂದೇ ಒಂದು ನೆನಪಿಲ್ಲ. ಹೊಸ್ತಿಲೊಳಗಿಂದಾದ್ರೆ, ನಾವು ಹುಟ್ಟೋಕೆ ಮುಂಚಿಂದೂ ಗೊತ್ತು."

ಒಲೆಯಲ್ಲಿ ಸೌದೆ ಸರಿಯಿತು. ಕೀರಾ ಸ್ಟೂಲಿನ ಕಡೆ ನೋಡಲಿಲ್ಲ.

"ಕೆಲವು ವರ್ಷ ಕಳೀತು. ಒಂದು ಮಧ್ಯಾಹ್ನ ಬಾಗಿಲಿಗೆ ಒಬ್ಬ ಬಂದ. ಗಡ್ಡ, ಟೈಫಸ್ ಜ್ವರ ತಿಂದು ಬಿಟ್ಟ ಮೈ. ಅಮ್ಮಾ, ನಾನು ಅರ್ಸೇನಿ, ಬಂದರಲ್ಲಿ ಹಿಡ್ಕೊಂಡ್ಬಿಟ್ರು ಅಂದ. ಆಗ ಮಾಸ್ಕೋದೋರು ನಮ್ಮ ಮಕ್ಕಳ ಹೆಸರು ಹೇಳ್ಕೊಂಡು ಆಳು ಕಳಿಸ್ತಾರೆ ಅಂತ ಎಲ್ಲರಿಗೂ ಭಯ. ನಮ್ಮೋರು ಪರೀಕ್ಷೆ ಮಾಡೋದು ಹೆಂಗೆ? ಮನೆ ಬಗ್ಗೆ ಕೇಳೋದು. ಅಮ್ಮ ಕೇಳಿದ್ಲು, ಊಟದ ಕೋಣೆ ಗಡಿಯಾರದ ಮೇಲೆ ಏನಿತ್ತು? ಅವನು ತಬ್ಬಿಬ್ಬಾದ. ಹಡಗಿನ ಬೊಂಬೆ ಅಂದ. ತಪ್ಪು, ಗೂಬೆ ಇತ್ತು. ಒಳಗೆ ಒಲೆ ಹತ್ತಿರ ಕೂತಿದ್ದೋನು ತಲೆ ಕೂಡ ಎತ್ತದೆ, ಗೂಬೆ, ಎಡಗಣ್ಣು ಇರ್ಲಿಲ್ಲ ಅಂದ. ಅಮ್ಮ ಬಾಗಿಲು ಹಾಕ್ಬಿಟ್ಲು. ಮರೆತೋನು ಮನುಷ್ಯ ಅಲ್ವೇನಮ್ಮಾ? ಹಸಿವು, ಜೈಲು, ಜ್ವರ ಕಂಡೋನು ಮರೀದೆ ಇರ್ತಾನಾ? ಮಳೆಯಲ್ಲಿ ಹೊರಟುಹೋದ. ಆಮೇಲೆ ಅವನ ಸುದ್ದಿ ಯಾರೂ ತರ್ಲಿಲ್ಲ."

ಈಕೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದಾಳೆ ಎಂದು ಕೀರಾ ಯೋಚಿಸಿದಳು. ಗಂಡನನ್ನು ಬಿಟ್ಟು ಹೋಗಲಿ ಎಂದೇ, ಅಥವಾ ಹೋಗದೆ ಸಿಕ್ಕಿಬೀಳಲಿ ಎಂದೇ? ಹೊರಗೆ ಗಾಡಿಯವನು ಕೂಗಿದ. ಪೊರ್ಫಿರಿ ಬಾಗಿಲು ಮುಚ್ಚಿ ಟ್ರಂಕಿನ ಮೇಲೆ ಕೂತ. ಕೀರಾ ಸ್ಟೂಲಿಗೆ ಕೈ ಹಾಕಿ ಹಾಗೇ ಬಿಟ್ಟಳು. ತೆಗೆದರೆ, ಗ್ಲೆಬ್ ಬರುವುದಿಲ್ಲ ಎಂದು ತನ್ನ ಬಾಯಿಂದಲೇ ಹೇಳಿದಂತಾಗುತ್ತಿತ್ತು. ಅವಳೂ ತಲೆ ಬಗ್ಗಿಸಿ ಕೂತಳು.

ನೀರು ತೊಟ್ಟಿಕ್ಕಿತು.

ಗ್ಲೆಬ್ ಸ್ಟೂಲಿನ ಮೇಲೆ ಕೂತಿದ್ದ. ಅದೇ ಕೋಟು, ಅದೇ ದಣಿದ ನಗು. ಪೊರ್ಫಿರಿ ಮಗನ ತೋಳು ಹಿಡಿದು ಬಿಕ್ಕುತ್ತಿದ್ದ. ಕೀರಾಳ ಮನಸ್ಸೂ ಅವನ ಕಡೆಗೇ ಹಾರಿತು. ಆದರೂ ಕೇಳಿದಳು:

"ಪೊಲೀಸರು ಏನ್ ಕೇಳಿದ್ರು?"

"ಅದ್ಯಾಕೋ ನೆನಪಿಗೆ ಬರ್ತಿಲ್ಲ," ಎಂದ. "ಅಡುಗೆಮನೆ ಕಿಟಕಿ ಚಿಲಕ ನೋಡ್ಕೋ. ಈ ಮನೆ ಕಟ್ಟಿದ ದಿನದಿಂದ್ಲೂ ಅದು ಸರಿಯಾಗಿ ಕೂತಿಲ್ಲ."

ಆ ಮನೆ ಕಟ್ಟಿದಾಗ ಗ್ಲೆಬ್ ಹುಟ್ಟಿರಲಿಲ್ಲ.

ಅವನು ಎರಡು ಟ್ರಂಕನ್ನೂ ಹಗುರವಾಗಿ ಎತ್ತಿಕೊಂಡ. ಕೀರಾ ಮಾವನ ಕೈ ಹಿಡಿದು, ಹೋಗಬೇಡಿ, ಅದು ನಿಮ್ಮ ಮಗ ಅಲ್ಲ ಎಂದು ಪಿಸುಗುಟ್ಟಿದಳು. ಮುದುಕ ಕೈ ಕೊಸರಿಕೊಂಡ. "ನನ್ನ ಮಗನ್ನ ನಾನು ಗುರುತಿಸಲ್ವೇನೇ? ಬೇಗ ಹೊರಡು," ಎಂದು ಅವನ ಹಿಂದೆಯೇ ಇಳಿದ. ಗಾಡಿಯಿಂದ ಎರಡು ದನಿಗಳೂ ಅವಳನ್ನು ಕೂಗಿದವು. ಕೀರಾ ಹಿಂದೆ ಸರಿದು ಒದ್ದೆ ಸ್ಟೂಲಿನ ಮೇಲೆ ತಾನೇ ಕೂತಳು. ಅನುಮತಿ ಮುಗಿದ ಮೇಲೆ ಪೊಲೀಸರು ಬಂದರೆ ಬರಲಿ. ನಿಜವಾದ ಗ್ಲೆಬ್ ಬಂದರೆ ಬಾಗಿಲು ತೆಗೆಯಲು ಒಬ್ಬರಾದರೂ ಇರಬೇಕು. ಗಾಡಿ ಹೊರಟಿತು.

"ಮುದುಕನ ಯೋಚನೆ ಬಿಡು," ಎಂದಳು ಗ್ಲಫೀರಾ, ಶಾಲು ಹೊದೆಯುತ್ತ. "ಅದು ಹೊಡೆಯಲ್ಲ, ಬಡಿಯಲ್ಲ. ಮನೆ ನೆನಪು ಹೇಳ್ತಾ ಕೂತಿರತ್ತೆ, ಅಷ್ಟೇ... ನೀನು ಕಾಯಿ. ಬಂದೋನು ಮನೆ ಬಗ್ಗೆ ತಪ್ಪು ಹೇಳಿದ್ರೆ ಕಣ್ಣು ಮುಚ್ಕೊಂಡು ಒಳಗೆ ಕರ್ಕೋ."

ಹೊಸ್ತಿಲಲ್ಲಿ ನಿಂತು ಅವಳು ತನ್ನ ಮನೆಯ ಕಡೆ ನೋಡಿದಳು.

"ನಾನು ಹೊರಡ್ತೀನಮ್ಮ. ತಡವಾದ್ರೆ ಅವನು ಕಿಟಕಿಗೆ ಬಂದು ನಿಲ್ತಾನೆ, ಬೀದಿಯೋರು ನೋಡ್ತಾರೆ... ಅಕ್ಕ ಮುದುಕಿಯಾದ್ಲು, ತಮ್ಮನಿಗೆ ಇನ್ನೂ ಮೀಸೆ ಬಲಿತಿಲ್ಲ ಅಂದ್ರೆ, ಏನಂತ ಹೇಳ್ಲಿ?"